ಸೋತಾಗಲೂ ಬಾರಿಸುವ ಗಂಟೆ

ಬ್ರಿಟನ್ನಿನ ಜೂಜು ನಿಯಂತ್ರಣ ಆಯೋಗ 2021ರಲ್ಲಿ, ಚಿತ್ರಗಳ ಕಂಬ ತಿರುಗಿಸಿ ಪಣ ಆಡುವ ಆನ್‌ಲೈನ್ ಸ್ಲಾಟ್ ಆಟಗಳಿಗೆ ಒಂದಿಷ್ಟು ಹೊಸ ನಿಯಮ ಮಾಡಿತು. ಒಂದು ಸುತ್ತು ಎರಡೂವರೆ ಸೆಕೆಂಡಿಗಿಂತ ಬೇಗ ಮುಗಿಯಬಾರದು. ಬಟನ್ ಒತ್ತದಿದ್ದರೂ ತಾನಾಗಿ ತಿರುಗುತ್ತಾ ಹೋಗುವ ‘ಆಟೊ ಪ್ಲೇ’ ಇರಬಾರದು. ಇವೆರಡೂ ಯಾರಿಗಾದರೂ ಹೊಳೆಯುವಂಥವೇ. ಮೂರನೆಯದು ಬೇರೆ ಥರದ್ದು: ಆಟಗಾರ ಹೂಡಿದಷ್ಟೇ ಹಣ, ಅಥವಾ ಅದಕ್ಕಿಂತ ಕಡಿಮೆ, ವಾಪಸು ಬಂದಾಗ ಗೆದ್ದ ಭ್ರಮೆ ಹುಟ್ಟಿಸುವ ಸದ್ದು ಮಾಡಬಾರದು, ಅಂಥ ಚಿತ್ರವನ್ನೂ ತೋರಿಸಬಾರದು. ಆ ವರ್ಷದ ಅಕ್ಟೋಬರ್ 31ರಿಂದ ಇದು ಜಾರಿಗೆ ಬಂತು. ಜೂಜಾಡಲು ಅಡ್ಡಿಯಿಲ್ಲ, ಕಳೆದುಕೊಳ್ಳಲೂ ಅಡ್ಡಿಯಿಲ್ಲ. ಸೋತವನ ಕಿವಿಯಲ್ಲಿ ಗೆದ್ದೆ ಗೆದ್ದೆ ಎಂದು ಡೋಲು ಬಾರಿಸುವುದಕ್ಕೆ ಮಾತ್ರ ತಡೆ.

ಈ ಮೂರನೆಯ ನಿಯಮದ ಹಿಂದೆ ಸಂಶೋಧಕರು ವರ್ಷಗಟ್ಟಲೆ ಕಿವಿಗೊಟ್ಟು ಕೂತ ಕಥೆಯಿದೆ. ನಮ್ಮಲ್ಲಿ ಹಾಗೆ ಕಿವಿಗೊಟ್ಟವರು ಕಡಿಮೆ. ಭಾರತದಲ್ಲಿ ಜೂಜಿನ ಮಾತು ನ್ಯಾಯಾಲಯಕ್ಕೆ ಹೋದಾಗಲೆಲ್ಲ ಎದ್ದ ಪ್ರಶ್ನೆ ಒಂದೇ: ಇದು ಕೌಶಲದ ಆಟವೋ, ಅದೃಷ್ಟದ ಆಟವೋ? 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಲೆಕ್ಕ ಹಾಕಬೇಕು ಎಂಬ ಕಾರಣಕ್ಕೆ. 1996ರಲ್ಲಿ ಕುದುರೆ ರೇಸಿಗೂ ಅದೇ ಮನ್ನಣೆ ಸಿಕ್ಕಿತು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿದಾಗಲೂ ಚರ್ಚೆ ನಡೆದದ್ದು ಕೌಶಲ ಮತ್ತು ಅದೃಷ್ಟಗಳ ನಡುವಿನ ಗೆರೆ ಎಲ್ಲಿದೆ ಎಂಬುದರ ಮೇಲೇ. ಆಟಕ್ಕೆ ನಿಯಮ ಇದೆಯೇ ನೋಡಿದರು, ಹಣ ಇದೆಯೇ ನೋಡಿದರು. ಆಟ ಹೇಗೆ ಕೇಳಿಸುತ್ತದೆ ಎಂದು ವಿಚಾರಿಸಿದವರಿಲ್ಲ. ನನ್ನ ಮಟ್ಟಿಗೆ ಫೋನಿನ ಜೂಜಿನಲ್ಲಿ ಅರ್ಧ ಕೆಲಸ ಮಾಡುವುದೇ ಸದ್ದು.

ಆನೇಕಲ್ ಕಡೆಯವರಿಗೆ ಇದು ದೂರದ ಸಂಗತಿಯಲ್ಲ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಎಲ್ಲವೂ ಈ ತಾಲ್ಲೂಕಿನೊಳಗೇ ಬರುತ್ತವೆ. ಹೆಬ್ಬಗೋಡಿ, ಚಂದಾಪುರದ ಪಿ.ಜಿ.ಗಳಲ್ಲಿ, ಶೀಟು ಹೊದಿಸಿದ ವಠಾರಗಳಲ್ಲಿ ಬೀದರಿನಿಂದ ಹಿಡಿದು ಒಡಿಶಾದವರೆಗಿನ ಹುಡುಗರಿದ್ದಾರೆ. ಎರಡನೇ ಪಾಳಿ ಮುಗಿಸಿ ರೂಮಿಗೆ ಬಂದರೆ ಮಾತಾಡುವವರಿಲ್ಲ, ನಿದ್ದೆ ಕೂಡಲೇ ಬರುವುದಿಲ್ಲ, ಕೈಯಲ್ಲಿ ಫೋನಿದೆ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗದ ಉದ್ಘಾಟನೆಯಾಯಿತು. ಅದಾದ ಹನ್ನೆರಡೇ ದಿನಕ್ಕೆ, ಆಗಸ್ಟ್ 22ರಂದು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ರಮ್ಮಿ ಆ್ಯಪ್‌ಗಳು ಹಣದ ಮೇಜು ಮುಚ್ಚಿದವು. ಹಳದಿ ಮಾರ್ಗದ ಬೋಗಿಯಲ್ಲಿ ಈಗಲೂ ಸುತ್ತ ಕಣ್ಣು ಹಾಯಿಸಿದರೆ ಬಣ್ಣದ ಕಂಬಗಳು ತಿರುಗುವ ಪರದೆಗಳು ಕಾಣುತ್ತವೆ. ಕಿವಿಯಲ್ಲಿ ಇಯರ್‌ಫೋನ್ ಇರುವುದರಿಂದ ಪಕ್ಕದವನಿಗೆ ಏನೂ ಕೇಳಿಸದು. ಕಾಣುವುದು ಹೆಬ್ಬೆರಳಿನ ಆಟ ಮಾತ್ರ.

ಆ ಇಯರ್‌ಫೋನಿನಲ್ಲಿ ಏನಿದೆ? ಒಮ್ಮೆ ಕಣ್ಣು ಮುಚ್ಚಿ ಸ್ಲಾಟ್ ಮಾದರಿಯ ಯಾವುದಾದರೂ ಆಟ ಕೇಳಿನೋಡಿ. ಹಿಂದೆ ಎಡೆಬಿಡದೆ ಒಂದು ಸಣ್ಣ ಟ್ಯೂನು ಸುತ್ತುತ್ತಿರುತ್ತದೆ. ಅದಕ್ಕೆ ಮೊದಲೂ ಇಲ್ಲ, ಮುಕ್ತಾಯವೂ ಇಲ್ಲ. ಬಟನ್ ಒತ್ತಿದೊಡನೆ ಸರ್ರೆಂದು ತಿರುಗುವ ಸದ್ದು. ಮೊದಲ ಕಂಬ ನಿಂತಾಗ ಒಂದು ಸ್ವರ, ಎರಡನೆಯದು ನಿಂತಾಗ ಅದಕ್ಕಿಂತ ಏರಿದ ಸ್ವರ, ಮೂರನೆಯದಕ್ಕೆ ಇನ್ನೂ ಮೇಲೆ. ಎರಡು ಚಿತ್ರ ಕೂಡಿ ಮೂರನೆಯದು ಬಾಕಿ ಇದ್ದರಂತೂ ಸದ್ದು ಎಳೆದು ಎಳೆದು ಉಸಿರು ಹಿಡಿಸುತ್ತದೆ. ಸಂಗೀತ ಬಲ್ಲವರಿಗೆ ಗೊತ್ತು, ಸ-ಗ-ಪ ಎಂದು ಏರಿಸಿ ಮೇಲಿನ ಷಡ್ಜಕ್ಕೆ ಮುಟ್ಟಿಸದೆ ಬಿಟ್ಟರೆ ಕಿವಿ ಸುಮ್ಮನಿರುವುದಿಲ್ಲ. ಅದು ಮುಟ್ಟಲಿ ಎಂದು ಕಾಯುತ್ತದೆ. ಕಾಯುವ ಕಿವಿಗಾಗಿಯೇ ಬೆರಳು ಇನ್ನೊಮ್ಮೆ ಒತ್ತುತ್ತದೆ.

ಕ್ಯಾಸಿನೊ ಯಂತ್ರಗಳ ಸದ್ದು ಬಹುಪಾಲು ಸಿ ಮೇಜರ್ ಶ್ರೇಣಿಯಲ್ಲಿರುತ್ತದೆ ಎಂದು ಆಟದ ಧ್ವನಿ ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ನೂರಾರು ಯಂತ್ರ ಒಂದೇ ಹಾಲಿನಲ್ಲಿ ಒಟ್ಟಿಗೆ ಕೂಗಿದರೂ ಒಂದರೊಡನೊಂದು ಘರ್ಷಣೆಯಾಗದಂತೆ ಮಾಡಿಕೊಂಡ ಉಪಾಯವದು. ಮೇಜರ್ ಶ್ರೇಣಿ ಎಂದರೆ ನಮ್ಮ ಶಂಕರಾಭರಣದ ಸ್ವರಗಳೇ. ಪಾಪ, ರಾಗದ ತಪ್ಪೇನಿಲ್ಲ.

ಅಂದಹಾಗೆ, ಗಂಟೆಗೂ ಈ ಯಂತ್ರಕ್ಕೂ ಹುಟ್ಟಿನಿಂದಲೇ ನಂಟು. 1890ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಎಂಬ ಕುಶಲಕರ್ಮಿ ಮೂರು ಚಕ್ರದ ಯಂತ್ರ ಮಾಡಿ ಅದಕ್ಕೆ ‘ಲಿಬರ್ಟಿ ಬೆಲ್’ ಎಂದು ಹೆಸರಿಟ್ಟ. ಮೂರು ಗಂಟೆಯ ಚಿತ್ರ ಒಂದೇ ಸಾಲಿನಲ್ಲಿ ಬಂದರೆ ಅದರಲ್ಲಿ ಸಿಗುವ ಅತಿ ದೊಡ್ಡ ಬಹುಮಾನ.

ವಾಟರ್ಲೂ ಪ್ರಯೋಗಾಲಯದಲ್ಲಿ

ಜೂಜಿನ ಸದ್ದನ್ನು ಅಭ್ಯಾಸ ಮಾಡಬೇಕೆಂದು ನಮ್ಮೂರಿನ ಮನಶ್ಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಹೊರಟರೆ ಎಲ್ಲಿಗೆ ಹೋಗಬೇಕು? ಮೊದಲ ಟಿಕೆಟ್ ಕೆನಡಾದ ಆಂಟಾರಿಯೊ ಪ್ರಾಂತ್ಯಕ್ಕೆ ತೆಗೆಯಬೇಕಾಗುತ್ತದೆ. ಅಲ್ಲಿನ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಮೈಕಲ್ ಡಿಕ್ಸನ್, ಕಂಪ್ಯೂಟರ್ ಹಿನ್ನೆಲೆಯ ಕೆವಿನ್ ಹ್ಯಾರಿಗನ್, ಆಟಗಳ ಧ್ವನಿಯನ್ನೇ ಜೀವಮಾನದ ಅಭ್ಯಾಸ ಮಾಡಿಕೊಂಡ ಕ್ಯಾರೆನ್ ಕಾಲಿನ್ಸ್ ಒಂದೆಡೆ ಸೇರಿದ್ದರು. ಯಂತ್ರದೊಳಗಿನ ಲೆಕ್ಕ ತಿಳಿಯದೆ ಅದರ ಸದ್ದು ಅರ್ಥವಾಗದು. ಆ ಲೆಕ್ಕವೋ ಕಂಪನಿಗಳ ಗುಟ್ಟು. ಹ್ಯಾರಿಗನ್ ಏನು ಮಾಡಿದರೆಂದರೆ, ಆಂಟಾರಿಯೊದ ಮಾಹಿತಿ ಹಕ್ಕು ಕಾನೂನಿನಡಿ ಅರ್ಜಿ ಹಾಕಿ ಯಂತ್ರಗಳ ವಿನ್ಯಾಸದ ಹಾಳೆಗಳನ್ನೇ ತರಿಸಿಕೊಂಡರು. ಯಾವ ಚಿತ್ರ ಯಾವ ಕಂಬದಲ್ಲಿ ಎಷ್ಟು ಸಲ ಇದೆ, ಎಷ್ಟು ಸುತ್ತಿಗೊಮ್ಮೆ ಎಷ್ಟು ಹಣ ಹೊರಗೆ ಬರುತ್ತದೆ, ಎಲ್ಲ ಅದರಲ್ಲಿತ್ತು. ಆರ್‌ಟಿಐ ಅರ್ಜಿ ಬರೆಯುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಇಂಥದ್ದಕ್ಕೆ ಬಳಸಬಹುದೆಂದು ಹೊಳೆದಿಲ್ಲ ಅಷ್ಟೆ.

ಆ ಹಾಳೆಗಳಿಂದ ಬಯಲಿಗೆ ಬಂದ ಸಂಗತಿಯೇ ಬ್ರಿಟನ್ನಿನ ಮೂರನೆಯ ನಿಯಮಕ್ಕೂ ಮೂಲ. ಹಳೆಯ ಯಂತ್ರದಲ್ಲಿ ಒಂದೇ ಸಾಲು: ಗೆದ್ದೆ ಅಥವಾ ಸೋತೆ. ಹೊಸ ಯಂತ್ರದಲ್ಲಿ ಹತ್ತಿಪ್ಪತ್ತು ಸಾಲುಗಳ ಮೇಲೆ ಒಟ್ಟಿಗೆ ಕಟ್ಟಬಹುದು. ಸಾಲಿಗೆ ಒಂದು ರೂಪಾಯಿಯಂತೆ ಇಪ್ಪತ್ತು ಸಾಲಿಗೆ ಇಪ್ಪತ್ತು ರೂಪಾಯಿ ಕಟ್ಟಿದಿರಿ ಎನ್ನಿ. ಒಂದು ಸಾಲು ಕೂಡಿತು, ಎಂಟು ರೂಪಾಯಿ ಬಂತು. ಗಂಟು ಹನ್ನೆರಡು ರೂಪಾಯಿ ಕರಗಿತು. ಆದರೆ ಯಂತ್ರಕ್ಕೆ ಇದು ‘ಗೆಲುವು’: ದೀಪ ಮಿನುಗುತ್ತದೆ, ನಾಣ್ಯ ಸುರಿದ ಸದ್ದಾಗುತ್ತದೆ, ಟ್ಯೂನು ಮೇಲೇರುತ್ತದೆ. ಗೆಲುವಿನ ವೇಷ ತೊಟ್ಟ ಸೋಲು ಎಂದು ಸಂಶೋಧಕರು ಇದನ್ನು ಕರೆದರು. 2010ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹೊಸಬರನ್ನು ‘ಲಾಬ್‌ಸ್ಟರ್‌ಮೇನಿಯಾ’ ಎಂಬ ನಿಜವಾದ ಯಂತ್ರದ ಮುಂದೆ ಕೂರಿಸಿ, ಬೆರಳಿಗೆ ತಂತಿ ಸಿಕ್ಕಿಸಿ, ಚರ್ಮದ ಬೆವರಿನಲ್ಲಾಗುವ ಸೂಕ್ಷ್ಮ ಏರಿಳಿತ ಅಳೆದರು. ಮನಸ್ಸು ಉದ್ವೇಗಗೊಂಡರೆ ಬೆರಳ ತುದಿ ಕಣ್ಣಿಗೆ ಕಾಣದಷ್ಟು ಬೆವರುತ್ತದೆ, ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಬರಿ ಸೋಲಿಗೆ ಸಣ್ಣ ಕಂಪನ, ನಿಜ ಗೆಲುವಿಗೆ ದೊಡ್ಡದು. ವೇಷದ ಸೋಲಿಗೆ? ನಿಜ ಗೆಲುವಿನಷ್ಟೇ ದೊಡ್ಡದು. ಬಾಯಿ ಏನೇ ಹೇಳಲಿ, ಬೆರಳು ಮೋಸಹೋಗಿತ್ತು.

ಮುಂದಿನ ಪ್ರಶ್ನೆ ಸಹಜವಾಗಿಯೇ ಬಂತು: ಇದರಲ್ಲಿ ಸದ್ದಿನ ಪಾಲೆಷ್ಟು? 2014ರಲ್ಲಿ ಹೊರಬಂದ ಅಧ್ಯಯನದಲ್ಲಿ ಜೂಜಾಡುವ ರೂಢಿಯಿದ್ದ 96 ಮಂದಿ ಒಮ್ಮೆ ಸದ್ದಿಟ್ಟುಕೊಂಡು, ಒಮ್ಮೆ ಸದ್ದಿಲ್ಲದೆ ಅದೇ ಆಟ ಆಡಿದರು. ಸದ್ದಿದ್ದಾಗ ಉದ್ವೇಗ ಹೆಚ್ಚು, ಹೆಚ್ಚಿನವರಿಗೆ ಇಷ್ಟವಾದದ್ದೂ ಸದ್ದಿನ ಆಟವೇ. ಇದರಲ್ಲಿ ಆಶ್ಚರ್ಯವಿಲ್ಲ. ಆಡಿ ಮುಗಿಸಿದ ಮೇಲೆ ‘ಎಷ್ಟು ಸಲ ಗೆದ್ದಿರಿ?’ ಎಂದು ಕೇಳಿದಾಗ ಬಂದ ಉತ್ತರವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಸದ್ದಿಲ್ಲದೆ ಆಡಿದಾಗ ತಮ್ಮ ಗೆಲುವನ್ನು ಶೇ 15ರಷ್ಟು ಹೆಚ್ಚಾಗಿ ಅಂದಾಜು ಮಾಡಿದವರು, ಸದ್ದಿದ್ದಾಗ ಶೇ 24ರಷ್ಟು ಹೆಚ್ಚು ಹೇಳಿದರು. ಅಂದರೆ ಸದ್ದು ಆ ಕ್ಷಣದ ಖುಷಿಗಷ್ಟೇ ನಿಲ್ಲುವುದಿಲ್ಲ, ನೆನಪಿನ ಲೆಕ್ಕಪುಸ್ತಕದಲ್ಲೂ ಕೈಯಾಡಿಸುತ್ತದೆ. ‘ನಿನ್ನೆ ಸುಮಾರಾಗಿ ಬಂದಿತ್ತು, ಇವತ್ತೂ ಬರುತ್ತೆ’ ಎಂದು ಹೇಳುವವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ನೆನಪಿರುವುದೇ ಹಾಗೆ.

ಅದೇ ತಂಡ 2015ರಲ್ಲಿ ಆಟವನ್ನು ತಿರುಗುಮುರುಗು ಮಾಡಿತು. ವೇಷದ ಸೋಲು ಬಂದಾಗ ಗೆಲುವಿನ ಟ್ಯೂನಿನ ಬದಲು ಸೋಲಿನ ಸಪ್ಪೆ ಸದ್ದು ಹಾಕಿದರು. ಆಟಗಾರರು ಅದನ್ನು ಸೋಲೆಂದೇ ಗುರುತಿಸತೊಡಗಿದರು. ಯಂತ್ರದ ಲೆಕ್ಕ ಬದಲಾಗಿರಲಿಲ್ಲ, ಬಹುಮಾನ ಬದಲಾಗಿರಲಿಲ್ಲ. ಗಂಟೆ ಬಾರಿಸುವ ಬದಲು ಸುಮ್ಮನೆ ‘ಹೋಯ್ತು’ ಎಂದು ಹೇಳಿದ್ದಷ್ಟೇ ವ್ಯತ್ಯಾಸ. ಈ ಪ್ರಯೋಗ ಓದಿದ ಮೇಲೆ, ಸದ್ದನ್ನು ಸರಿಪಡಿಸುವುದು ಕಷ್ಟ ಎಂದು ಯಾವ ಕಂಪನಿ ಹೇಳಿದರೂ ನಾನು ನಂಬುವುದಿಲ್ಲ.

ಇಲಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ವಿನ್‌ಸ್ಟನ್ಲಿ ಅವರ ತಂಡ ಇಲಿಗಳಿಗೆ ಸಕ್ಕರೆ ಗುಳಿಗೆಯ ಪಣದ ಆಟ ಕಲಿಸಿತು. ಸುಮ್ಮನೆ ಬಿಟ್ಟಾಗ ಇಲಿಗಳು ಜಾಣತನದಿಂದ ಚಿಕ್ಕ, ಖಚಿತ ಲಾಭದ ಕಡೆ ಹೋಗುತ್ತಿದ್ದವು. ಗೆಲುವಿನ ಜತೆ ಬೆಳಕು, ಸದ್ದು ಸೇರಿಸಿದ ಮೇಲೆ ಅಪಾಯದ ದೊಡ್ಡ ಪಣದ ಕಡೆ ವಾಲಿದವು. 2016ರ ಈ ವರದಿಯನ್ನು ಓದಿ ನಕ್ಕವರು, ಇಲಿಗೆ ಸಾಲದ ಆ್ಯಪ್ ಇಲ್ಲ ಎಂಬುದನ್ನೂ ನೆನಪಿಡಬೇಕು.

ವೇಗದ ಪಾಡು

ಇಷ್ಟು ಹೊತ್ತು ಹೇಳಿದ್ದು ಗಂಟೆ, ನಾಣ್ಯಗಳ ಸದ್ದಿನ ವಿಷಯ. ಹಿಂದೆ ನುಡಿಯುವ ಸಂಗೀತದ ಕಥೆ ಇಷ್ಟು ನೇರವಲ್ಲ. 1982ರಲ್ಲಿ ರೊನಾಲ್ಡ್ ಮಿಲಿಮನ್ ಎಂಬ ಮಾರುಕಟ್ಟೆ ಸಂಶೋಧಕ ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಹಿನ್ನೆಲೆ ಸಂಗೀತದ ಗತಿ ಬದಲಿಸಿ ನೋಡಿದ್ದ. ನಿಧಾನಗತಿಯ ಸಂಗೀತವಿದ್ದ ದಿನ ಜನ ನಿಧಾನವಾಗಿ ನಡೆದರು, ವ್ಯಾಪಾರ ಶೇ 38ರಷ್ಟು ಹೆಚ್ಚಾಯಿತು. ಅಂಗಡಿಗೆ ವಿಳಂಬ ಕಾಲ ಲಾಭ. ಜೂಜಿಗೆ ಅದು ನಷ್ಟ; ಅಲ್ಲಿ ಗಂಟೆಗೆ ಎಷ್ಟು ಸುತ್ತು ಎಂಬುದರ ಮೇಲೆ ದುಡ್ಡು. ಮಾರ್ಕ್ ಗ್ರಿಫಿತ್ಸ್ ಬ್ರಿಟನ್ನಿನಲ್ಲಿ ಜೂಜಿನ ಮನಶ್ಶಾಸ್ತ್ರವನ್ನು ದಶಕಗಳಿಂದ ಅಭ್ಯಾಸ ಮಾಡುತ್ತಿರುವವರು. ಅವರು ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಪ್ಯೂಟರ್ ರೂಲೆಟ್ ಆಡುತ್ತಿದ್ದವರಿಗೆ ದ್ರುತಗತಿಯ ಸಂಗೀತ ಕೇಳಿಸಿದಾಗ ಪಣ ಕಟ್ಟುವ ವೇಗ ಹೆಚ್ಚಿತು. ಒಂದೊಂದು ಪಣದ ಮೊತ್ತವಾಗಲಿ, ಒಟ್ಟು ಖರ್ಚಾಗಲಿ ಅದರಿಂದ ಬದಲಾಗಲಿಲ್ಲ. 2010ರಲ್ಲಿ ಕೆಂಪು ಬೆಳಕನ್ನೂ ಸೇರಿಸಿ ನೋಡಿದರು: ಕೆಂಪು ಬೆಳಕು ಮತ್ತು ದ್ರುತ ಸಂಗೀತ ಕೂಡಿದಾಗ ಪಣ ಬಲು ಬೇಗ ಬಿತ್ತು. ಪ್ರಯೋಗಾಲಯದಲ್ಲಿ ಆಟಕ್ಕೊಂದು ಮಿತಿ ಇರುತ್ತದೆ. ಮನೆಯಲ್ಲಿ ಹಾಗಲ್ಲ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಕೂತವನ ಕೈ ಚುರುಕಾದರೆ ಸುತ್ತುಗಳ ಸಂಖ್ಯೆ ಹೆಚ್ಚುತ್ತದೆ, ಸುತ್ತು ಹೆಚ್ಚಿದಷ್ಟೂ ಜೇಬು ಖಾಲಿ. ಗತಿ ಬದಲಾದಾಗ ಮೈ ಬದಲಾಗುವುದು ನಮಗೇನೂ ಹೊಸದಲ್ಲ. ಚೆಂಡೆ ಏರಿದ್ದು ಕೇಳಿ ಎದ್ದು ಕೂತ ಯಕ್ಷಗಾನದ ಪ್ರೇಕ್ಷಕನನ್ನು ಕೇಳಿದರೆ ಸಾಕು.

ಈ ವಿಷಯವನ್ನು ಸಂಗೀತದ ಕಡೆಯಿಂದ ಹಿಡಿದವರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಸ್ಟೆಫನಿ ಬ್ರಾಮ್ಲಿ ಒಬ್ಬರು. ಸಂಗೀತ ವಿಭಾಗದಲ್ಲಿ ಜೂಜಿನ ಮೇಲೆ ಪಿಎಚ್‌ಡಿ! ನಮ್ಮ ವಿಶ್ವವಿದ್ಯಾಲಯವೊಂದರಲ್ಲಿ ಈ ಪ್ರಸ್ತಾವ ಮುಂದಿಟ್ಟರೆ ಸಮಿತಿಯವರು ಮುಖ ಮುಖ ನೋಡಿಕೊಂಡಾರು. ಬ್ರಾಮ್ಲಿ, ಆಸ್ಟ್ರೇಲಿಯಾದ ಸದರ್ನ್ ಕ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಸ್ಯಾಲಿ ಗೇನ್ಸ್‌ಬರಿ ಜತೆ ಸೇರಿ ಬರೆದ ಲೇಖನ 2015ರಲ್ಲಿ ಪ್ರಕಟವಾಯಿತು. ಜೂಜಿನ ಸದ್ದಿನ ವಿದ್ಯಾರ್ಥಿಗೆ ಆಸ್ಟ್ರೇಲಿಯಾಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ನ್ಯೂ ಸೌತ್ ವೇಲ್ಸ್ 1956ರಲ್ಲೇ ಕ್ಲಬ್ಬುಗಳಲ್ಲಿ ಈ ಯಂತ್ರಗಳಿಗೆ ಅನುಮತಿ ಕೊಟ್ಟಿತು. ‘ಪೋಕಿ’ ಎಂದು ಕರೆಯುವ ಯಂತ್ರಗಳು ಆ ದೇಶದಲ್ಲಿ ಸುಮಾರು 2 ಲಕ್ಷ ಇವೆ. ತಲಾ ಲೆಕ್ಕದಲ್ಲಿ ಜೂಜಿಗೆ ಅತಿ ಹೆಚ್ಚು ಹಣ ಕಳೆದುಕೊಳ್ಳುವ ದೇಶವೂ ಅದೇ.

ಬ್ರಾಮ್ಲಿ ಮತ್ತು ಗೇನ್ಸ್‌ಬರಿ ಪಕ್ಕಪಕ್ಕ ಇಟ್ಟು ನೋಡಿದ್ದು ಎರಡು ಬಗೆಯ ಆಟಗಳ ಸದ್ದನ್ನು. ಒಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಸ್ಲಾಟ್. ಇನ್ನೊಂದು, ಸ್ಲಾಟಿನ ರೂಪದಲ್ಲೇ ಇದ್ದು ದುಡ್ಡು ಗೆಲ್ಲುವಂತಿಲ್ಲದ, ಸ್ನೇಹಿತರ ಜತೆ ಪುಕ್ಕಟೆಯಾಗಿ ಆಡುವ ಆಟ. ನಮ್ಮ ದೇಶಕ್ಕೆ ಇವತ್ತು ನೇರವಾಗಿ ಬೇಕಾದ ಪ್ರಶ್ನೆಯೇ ಇದು. ಯಾಕೆಂದು ಮುಂದೆ ಹೇಳುತ್ತೇನೆ.

ಕಿವಿಯಿಂದಲೇ ಆಡಿದವನು

ಆನೇಕಲ್ ಪೇಟೆಯಲ್ಲಿ ಧರ್ಮರಾಯಸ್ವಾಮಿ ದೇವಸ್ಥಾನವಿದೆ. ಚೈತ್ರದ ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿ ದ್ರೌಪದಮ್ಮನ ಕರಗ ನಡೆಯುತ್ತದೆ; ಮಲ್ಲಿಗೆಯ ಪರಿಮಳ, ತಮಟೆ, ನಾದಸ್ವರಗಳ ನಡುವೆ ಊರು ರಾತ್ರಿಯಿಡೀ ಎದ್ದಿರುತ್ತದೆ. ಯೋಚಿಸಿದರೆ ವಿಚಿತ್ರ ಎನ್ನಿಸುತ್ತದೆ: ಈ ಊರು ಪೂಜಿಸುವ ದೇವರು ಪಗಡೆಯಲ್ಲಿ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲರನ್ನೂ ಸೋತವನು, ಈ ಊರು ತಲೆಯ ಮೇಲೆ ಹೊರುವ ಶಕ್ತಿ, ಅವನು ಪಣಕ್ಕಿಟ್ಟ ಹೆಣ್ಣುಮಗಳು. ಜೂಜಿನ ಕಥೆ ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ.

ಆದರೆ ಆ ದ್ಯೂತಸಭೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಬ್ಬ ಪ್ರೇಕ್ಷಕನಿದ್ದಾನೆ. ಧೃತರಾಷ್ಟ್ರನಿಗೆ ದಾಳ ಕಾಣುವುದಿಲ್ಲ. ಅವನ ಪಾಲಿಗೆ ಇಡೀ ಆಟ ಬರೀ ಸದ್ದು: ದಾಳ ಉರುಳುವುದು, ಪ್ರತಿ ಸುತ್ತಿಗೂ ಶಕುನಿ ಗೆದ್ದೆ ಎಂದು ಕೂಗುವುದು, ಸಭೆಯ ಗದ್ದಲ. ದ್ರೌಪದಿಯನ್ನು ಒಡ್ಡಿದಾಗ ಹಿರಿಯರು ತಲೆ ತಗ್ಗಿಸುತ್ತಾರೆ, ವಿದುರ ತಲೆ ಹಿಡಿದು ಕೂರುತ್ತಾನೆ. ಈ ಮುದುಕನೊಬ್ಬ ಮಾತ್ರ ಒಳಗಿನ ಸಂತೋಷ ತಡೆಯಲಾರದೆ, ಗೆದ್ದಾಯಿತೇ, ಗೆದ್ದಾಯಿತೇ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಕಣ್ಣಿಲ್ಲದಿದ್ದರೂ ಕಿವಿಯೊಂದೇ ಸಾಕು, ಜೂಜಿನ ಅಮಲು ಏರುತ್ತದೆ ಎಂದು ವ್ಯಾಸರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ.

ಅದಕ್ಕೂ ಹಿಂದಿನದು ಋಗ್ವೇದದ ಹತ್ತನೇ ಮಂಡಲದ ಮೂವತ್ತನಾಲ್ಕನೇ ಸೂಕ್ತ, ಜೂಜುಗಾರನೊಬ್ಬನ ಗೋಳು. ಆಗ ದಾಳವಾಗಿದ್ದದ್ದು ತಾರೆಕಾಯಿಯ ಕಂದು ಬೀಜ. ಇನ್ನು ಆಡುವುದಿಲ್ಲ, ಗೆಳೆಯರ ಜತೆ ಹೋಗುವುದಿಲ್ಲ ಎಂದು ಆತ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾನೆ. ಆ ಕಂದುಕಾಯಿಗಳು ನೆಲಕ್ಕೆ ಬಿದ್ದು ದನಿ ಎತ್ತಿದ್ದೇ ತಡ, ನಲ್ಲನ ಸಂಕೇತಕ್ಕೆ ಓಗೊಡುವವಳಂತೆ ಓಡಿಹೋಗುತ್ತಾನೆ. ಅವನನ್ನು ಎಳೆದದ್ದು ಹಣದ ಆಸೆ ಎಂದು ಕವಿ ಆ ಜಾಗದಲ್ಲಿ ಹೇಳುವುದಿಲ್ಲ. ದನಿ ಎಂದೇ ಹೇಳುತ್ತಾನೆ. ವಾಟರ್ಲೂ ತಂಡ ತಂತಿ ಸಿಕ್ಕಿಸಿ ಅಳೆದದ್ದು ಇದನ್ನೇ.

ನಮ್ಮ ಬೀದಿಯ ಜೂಜಿಗೂ ಅದರದೇ ದನಿಯಿತ್ತು. ಯುಗಾದಿಯ ದಿನ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮರದಡಿ ಗುಂಪು ಕೂತರೆ ‘ಒಳಗೆ, ಹೊರಗೆ’ ಎಂಬ ಕೂಗು ಬೀದಿ ದಾಟಿ ಕೇಳುತ್ತದೆ. ಅದೇ ಅಂದರ್ ಬಾಹರ್. ಬೆಂಗಳೂರಿನಲ್ಲೇ ಹುಟ್ಟಿದ ಆಟ ಎಂದು ಹೇಳುವವರೂ ಇದ್ದಾರೆ. ಯುರೋಪಿನ ದೊಡ್ಡ ಕ್ಯಾಸಿನೊ ಕಂಪನಿಯೊಂದು ಅದನ್ನು ಈಗ ‘ಸೂಪರ್ ಅಂದರ್ ಬಾಹರ್’ ಎಂದು ಸ್ಟುಡಿಯೊದಲ್ಲಿ ದೀಪ, ಸಂಗೀತ ಹಾಕಿ ನೇರಪ್ರಸಾರ ಮಾಡುತ್ತದೆ. ಮರದಡಿಯ ಆಟ ವಿದೇಶಕ್ಕೆ ಹೋಗಿ ಹಿನ್ನೆಲೆ ಸಂಗೀತ ಕಲಿತು ಬಂದಿದೆ. ಲಾಟರಿಯ ಕಾಲ ನೆನಪಿರುವವರಿಗೆ ಬಸ್ ನಿಲ್ದಾಣದ ಧ್ವನಿವರ್ಧಕವೂ ನೆನಪಿರುತ್ತದೆ. ಡ್ರಾ ಸಮಯ, ಬಹುಮಾನದ ಮೊತ್ತ, ಕೊನೆಯ ಟಿಕೆಟ್ ಎಂಬ ಅವಸರ, ಎಲ್ಲ ಒಂದೇ ಉಸಿರಿನಲ್ಲಿ. 2007ರಲ್ಲಿ ರಾಜ್ಯ ಸರ್ಕಾರ ಲಾಟರಿ ನಿಷೇಧಿಸಿದಾಗ ಆ ಮೈಕುಗಳೂ ಸುಮ್ಮನಾದವು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕು ಕೂಡ. ಮಟ್ಕಾಕ್ಕೆ ಯಾವ ಸಂಗೀತ ಇತ್ತು? ನಮ್ಮ ಕಡೆ ‘ಓಸಿ’ ಎನ್ನುವ ಆ ಆಟ ಬೀಡಿ ಅಂಗಡಿಯ ಹಿಂದೆ, ಒಂದು ಚೀಟಿಯಲ್ಲಿ ಗೀಚಿದ ಅಂಕಿಯಲ್ಲಿ ಮುಗಿದುಹೋಗುತ್ತಿತ್ತು. ಗಂಟೆಯಿಲ್ಲ, ದೀಪವಿಲ್ಲ, ಆದರೂ ಮನೆಗಳು ಮುಳುಗಿದವು. ನಿಜ. ಜೂಜುಗಾರನನ್ನು ಹುಟ್ಟಿಸುವುದು ಸದ್ದಲ್ಲ. ಸಾಲ, ಒಂಟಿತನ, ಒಮ್ಮೆ ಕೈಹಿಡಿದ ಅದೃಷ್ಟ, ಸ್ನೇಹಿತರ ಹುರುಪು, ಇವೆಲ್ಲ ದೊಡ್ಡ ಕಾರಣಗಳು. ಆದರೆ ಓಸಿಯಲ್ಲಿ ನಂಬರ್ ಬರೆಸಿದ ಮೇಲೆ ಓಪನ್ನಿಗೆ ಕಾಯಬೇಕಿತ್ತು, ಕ್ಲೋಸಿಗೆ ಕಾಯಬೇಕಿತ್ತು. ಆ ನಡುವೆ ಕೂಲಿಗೆ ಹೋಗಿ ಬರಬಹುದಿತ್ತು, ಹೆಂಡತಿ ಎದುರಾಗುತ್ತಿದ್ದಳು, ಪಶ್ಚಾತ್ತಾಪಕ್ಕೆ ವೇಳೆಯಿತ್ತು. ಫೋನಿನ ಆಟದಲ್ಲಿ ಒಂದು ಪಣಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಮೂರು ನಾಲ್ಕು ಸೆಕೆಂಡು. ಆ ಸೆಕೆಂಡುಗಳಲ್ಲಿ ಮನುಷ್ಯ ತಲೆ ಎತ್ತಿ ಯೋಚಿಸದಂತೆ ನೋಡಿಕೊಳ್ಳುವುದೇ ಸಂಗೀತದ ಕೆಲಸ. ನಿಧಾನದ ಜೂಜಿಗೆ ವಾದ್ಯ ಬೇಕಿರಲಿಲ್ಲ. ವೇಗದ ಜೂಜು ವಾದ್ಯವಿಲ್ಲದೆ ನಡೆಯುವುದಿಲ್ಲ.

ಮುಚ್ಚಿದ ಬಾಗಿಲು, ತೆರೆದ ಕಿವಿ

2025ರ ಕೇಂದ್ರ ಕಾಯ್ದೆಗೆ ಬರೋಣ. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನು ಅದು ಬದಿಗೆ ಸರಿಸಿತು: ಯಾವುದೇ ಆಗಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆಟವಾದರೆ ನಿಷಿದ್ಧ. ಕಾಯ್ದೆಯನ್ನು ಪ್ರಶ್ನಿಸಿ ಮೊದಲು ಅರ್ಜಿ ಬಿದ್ದದ್ದು ನಮ್ಮ ಹೈಕೋರ್ಟಿನಲ್ಲೇ. ಆಮೇಲೆ ಪ್ರಕರಣಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು. ಹೊರದೇಶದಿಂದ ನಡೆಯುವ ಬೆಟ್ಟಿಂಗ್ ಜಾಲತಾಣಗಳು ಒಂದು ಹೆಸರು ಮುಚ್ಚಿದರೆ ಇನ್ನೊಂದು ಹೆಸರಲ್ಲಿ ಏಳುವ ತಲೆನೋವು ಬೇರೆ ಇದೆ.

ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ‘ಸಾಮಾಜಿಕ ಆಟ’ಗಳನ್ನು ಉಳಿಸಿದೆ, ಪ್ರೋತ್ಸಾಹಿಸುವ ಮಾತನ್ನೂ ಆಡಿದೆ. ಹಣ ಗೆಲ್ಲುವ ಆಸೆಯಿಂದ ಪಣ ಕಟ್ಟದಿದ್ದರೆ ಆಯಿತು. ಮನರಂಜನೆಯ ದೃಷ್ಟಿಯಿಂದ ಸರಿಯೇ. ಆದರೆ ಬ್ರಾಮ್ಲಿ ಮತ್ತು ಗೇನ್ಸ್‌ಬರಿ ಕಿವಿಗೊಟ್ಟದ್ದು ಇಂಥ ಪುಕ್ಕಟೆ ಆಟಗಳಿಗೇ ಎಂಬುದನ್ನು ನೆನಪಿಸಿಕೊಳ್ಳಿ. ನಾಣ್ಯ ಸುಳ್ಳು, ಗಂಟೆ ನಿಜ. ಸ್ಲಾಟ್ ರೂಪದ ಪುಕ್ಕಟೆ ಆಟವನ್ನೂ ಹಣದ ಸ್ಲಾಟನ್ನೂ ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದೆಂದು ನನಗೆ ಹೇಳಲಾಗದು. ಅದೇ ಏರುವ ಸ್ವರ, ಅದೇ ನಾಣ್ಯದ ಮಳೆ, ಸೋತರೂ ಅದೇ ಸಂಭ್ರಮ. ಪುಕ್ಕಟೆ ಆಟದಲ್ಲಿ ಗೆಲುವು ಬೇಕೆಂದಷ್ಟು ಸಿಗುವಂತೆ ಮಾಡಲೂ ಅಡ್ಡಿಯಿಲ್ಲ. ಕಂಪನಿಗೆ ಕಳೆದುಕೊಳ್ಳಲು ಏನೂ ಇಲ್ಲವಲ್ಲ. ಹತ್ತು ವರ್ಷದ ಹುಡುಗ ಅಪ್ಪನ ಫೋನಿನಲ್ಲಿ ಈ ಗಂಟೆಗೆ ಕಿವಿ ಪಳಗಿಸಿಕೊಂಡು, ಇಪ್ಪತ್ತಕ್ಕೆ ಕೆಲಸ ಸೇರಿ ಕೈಗೆ ಸಂಬಳ ಬಂದಾಗ ಯಾರೋ ಕಳಿಸಿದ ಲಿಂಕು ಒತ್ತುತ್ತಾನೆ ಎಂದಿಟ್ಟುಕೊಳ್ಳಿ. ಗಂಟೆ ಅವನಿಗೆ ಪರಿಚಿತ. ಬದಲಾಗಿರುವುದು ನಾಣ್ಯ ಮಾತ್ರ.

ಬ್ರಿಟನ್ ಹಣದ ಆಟವನ್ನು ಬಿಟ್ಟು ಸೋಲಿನ ಸಂಭ್ರಮವನ್ನು ನಿಲ್ಲಿಸಿತು. ನಾವು ಹಣದ ಆಟವನ್ನು ನಿಲ್ಲಿಸಿ ಸಂಭ್ರಮವನ್ನು ಹಾಗೇ ಬಿಟ್ಟಿದ್ದೇವೆ. ಎರಡೂ ಒಟ್ಟಿಗೆ ಇರಬಾರದೆಂದೇನೂ ಇಲ್ಲ. ಸಾಮಾಜಿಕ ಆಟಗಳ ಮೇಲ್ವಿಚಾರಣೆಗೆಂದು ಮಾಡುವ ನಿಯಮಗಳಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಸೋತಾಗ ಗೆದ್ದ ಸದ್ದು ಬೇಡ. ಆಟ ತೆರೆದ ಕೂಡಲೇ ಸದ್ದು ತಾನಾಗಿ ಶುರುವಾಗದೆ ಆಟಗಾರ ಬೇಕೆಂದರಷ್ಟೇ ಬರಲಿ ಎಂಬುದು ಇನ್ನೊಂದು ಸಾಲಾದರೆ ಇನ್ನೂ ಒಳ್ಳೆಯದು.

ಸಂಶೋಧನೆಯ ವಿಷಯಕ್ಕೆ ಬಂದರೆ, ವಾಟರ್ಲೂಗೋ ಶೆಫೀಲ್ಡಿಗೋ ಹೋಗಿ ಕಲಿತು ಬರುವುದು ಬೇಕು. ಆದರೆ ಅಲ್ಲಿನ ಉತ್ತರಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದರೆ ಸಾಲದು. ವಾಟರ್ಲೂ ಪ್ರಯೋಗದವರು ಕೂತದ್ದು ಕ್ಯಾಸಿನೊದಲ್ಲಿ ನಿಲ್ಲಿಸುವಂಥ ದೊಡ್ಡ ಯಂತ್ರದ ಮುಂದೆ. ನಮ್ಮ ಆಟಗಾರ ರಾತ್ರಿ ಪಾಳಿಯ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡವನು. ಗಂಟೆ ಅವನ ಕಿವಿಯಿಂದ ಒಂದಿಂಚು ದೂರವೂ ಇಲ್ಲ. ಅವನ ಆಟದಲ್ಲಿ ಸಿನಿಮಾ ಹಾಡಿನ ಧಾಟಿಯಿರಬಹುದು, ತಮಟೆಯ ಪೆಟ್ಟಿರಬಹುದು, ಹಬ್ಬದ ವಾರ ಬಂದರೆ ಹಬ್ಬದ ಟ್ಯೂನೂ ಇರಬಹುದು. ಇವು ಏನು ಮಾಡುತ್ತವೆಂದು ಕೆನಡಾದಲ್ಲಿ ಕೂತು ಅಳೆಯಲಾಗದು. ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಫೋನು ಮತ್ತು ಆಟಗಳ ಗೀಳಿಗೆಂದೇ 2014ರಲ್ಲಿ ಡಾ. ಮನೋಜ್ ಕುಮಾರ್ ಶರ್ಮ ಅವರ ನೇತೃತ್ವದಲ್ಲಿ ‘ಶಟ್’ ಕ್ಲಿನಿಕ್ ಅಲ್ಲಿಂದಲೇ ಶುರುವಾಯಿತು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಎಲೆಕ್ಟ್ರಾನಿಕ್ ಸಿಟಿ. ಕೋಡ್ ಬರೆಯುವವರಿಗೆ ಅಲ್ಲಿ ಬರವಿಲ್ಲ. ಬೆರಳಿನ ಬೆವರು ಅಳೆಯುವ ಸಾಧನ ದೊಡ್ಡ ಖರ್ಚಿನದಲ್ಲ. ಆಡುವವರನ್ನು ಹುಡುಕಿಕೊಂಡು ವೀಸಾ ಮಾಡಿಸಬೇಕಿಲ್ಲ, ಬೊಮ್ಮಸಂದ್ರದವರೆಗೆ ಮೆಟ್ರೊ ಹತ್ತಿದರೆ ಸಾಕು. ಬೆಂಗಳೂರಿನ ಮನಶ್ಶಾಸ್ತ್ರ ವಿಭಾಗಗಳೂ ಸಂಗೀತ ವಿಭಾಗಗಳೂ ಈ ಕೆಲಸಕ್ಕೆ ಕೈ ಹಾಕಬೇಕು, ಒಟ್ಟಿಗೆ ಹಾಕಿದರೆ ಇನ್ನೂ ಚೆನ್ನು.

ಅಲ್ಲಿಯವರೆಗೆ ಮನೆಮಟ್ಟದಲ್ಲಿ ಮಾಡಬಹುದಾದದ್ದು ಒಂದಿದೆ. ಮಕ್ಕಳ ಕೈಯಲ್ಲಿರುವ ಆಟದ ಸೆಟ್ಟಿಂಗ್ಸ್ ತೆರೆದು ‘ಸೌಂಡ್’, ‘ಮ್ಯೂಸಿಕ್’ ಎಂಬ ಎರಡನ್ನೂ ಆಫ್ ಮಾಡಿ. ಹತ್ತು ನಿಮಿಷ ಆಡಲಿ. ಎಷ್ಟು ಸಲ ಗೆದ್ದೆ ಎಂದು ಆಮೇಲೆ ಕೇಳಿ, ಪರದೆಯ ಲೆಕ್ಕದ ಜತೆ ತಾಳೆ ನೋಡಿ. ಗೀಳು ಆಗಲೇ ಹಿಡಿದಿದ್ದರೆ ಸದ್ದು ಆಫ್ ಮಾಡುವುದರಿಂದ ಬಿಡುವುದಿಲ್ಲ. ಸಾಲ ಮುಚ್ಚಿಡುವುದು, ನಿದ್ದೆಗೆಡುವುದು, ಸಂಬಳ ಬಂದ ವಾರದಲ್ಲೇ ಕೈಸಾಲ ಕೇಳುವುದು ಕಂಡರೆ ತಡ ಮಾಡದೆ ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು.